ಹದಿನಾರು ಕೋರ್‌ಗಳ ಬಿಸಿ, ಹದಿನಾರು ಕೋರ್‌ಗಳ ಹಸಿವು

ಪ್ರಶ್ನೆ: ಎಂಟು ಕೋರ್‌ಗಳ (ಪ್ರೊಸೆಸರ್‌ನೊಳಗಿನ ಲೆಕ್ಕ ಮಾಡುವ ಘಟಕಗಳ) ಹಳೆಯ ಕಂಪ್ಯೂಟರನ್ನು (ಡಿಡಿಆರ್4-3200 ಮೆಮೊರಿ, ಎರಡು ಸ್ಟಿಕ್) ಬಿಟ್ಟು ಈಚೆಗೆ ಎಎಂಡಿ ರೈಜನ್ 9 9950ಎಕ್ಸ್ ಇರುವ ಹೊಸ ಡೆಸ್ಕ್‌ಟಾಪ್ ಜೋಡಿಸಿಕೊಂಡೆ. 16 ಕೋರ್‌ಗಳು, 32 ಗಿಗಾಬೈಟ್‌ನ ನಾಲ್ಕು ಡಿಡಿಆರ್5 ಸ್ಟಿಕ್‌ಗಳು. ನನ್ನ ಕೆಲಸ ಎರಡು ಬಗೆಯದು: ತ್ರೀಡಿ ರೆಂಡರಿಂಗ್ ಮತ್ತು ಗಾಳಿ-ನೀರಿನ ಹರಿವಿನ ಸಿಮ್ಯುಲೇಶನ್. ರೆಂಡರಿಂಗ್ ಎರಡೂವರೆ ಪಟ್ಟು ಬೇಗ ಮುಗಿಯುತ್ತಿದೆ. ಸಿಮ್ಯುಲೇಶನ್ ಮಾತ್ರ ಶೇ. 12ರಷ್ಟು ಚುರುಕಾಗಿದ್ದರೆ ಹೆಚ್ಚು. ಎಂಟು ಕೋರ್‌ಗಳಲ್ಲಿ ಓಡಿಸಿದರೂ ಹದಿನಾರರಲ್ಲಿ ಓಡಿಸಿದರೂ ಒಂದೇ ಸಮಯ ಹಿಡಿಯುತ್ತದೆ. ಟಾಸ್ಕ್ ಮ್ಯಾನೇಜರ್‌ನಲ್ಲಿ ಎಲ್ಲ ಕೋರ್‌ಗಳೂ ಶೇ. 100 ಕೆಲಸದಲ್ಲಿವೆ. ರೆಂಡರಿಂಗ್ ಶುರುವಾದ ಕೂಡಲೇ ಉಷ್ಣತೆ 95 ಡಿಗ್ರಿ ಮುಟ್ಟುತ್ತದೆ. ಬಿಸಿಯೇ ಕಾರಣವೆಂದು ಏರ್ ಕೂಲರ್ ತೆಗೆದು 360 ಮಿ.ಮೀ. ಲಿಕ್ವಿಡ್ ಕೂಲರ್ ಹಾಕಿಸಿದೆ. ಈಗಲೂ 95. ಬದಲಾದದ್ದು ಒಂದೇ: ಮೊದಲು 210 ವ್ಯಾಟ್ ಎಳೆಯುತ್ತಿದ್ದ ಪ್ರೊಸೆಸರ್ ಈಗ 250 ದಾಟುತ್ತದೆ. ಸಿಮ್ಯುಲೇಶನ್ ವೇಳೆ ಉಷ್ಣತೆ 70ರ ಆಸುಪಾಸು, ವಿದ್ಯುತ್ 140 ವ್ಯಾಟ್. ಮೆಮೊರಿಯಲ್ಲಿ ಕೊರತೆ ಇರಲಾರದು, ಏಕೆಂದರೆ ತಂತ್ರಾಂಶ ನಾಲ್ಕು ಚಾನೆಲ್ (ಮೆಮೊರಿಯಿಂದ ಪ್ರೊಸೆಸರ್‌ಗೆ ಬರುವ ದಾರಿ) ಎಂದು ತೋರಿಸುತ್ತದೆ. 6000 ವೇಗದ ಎಕ್ಸ್‌ಪೋ ಪ್ರೊಫೈಲ್ (ಮೆಮೊರಿಯನ್ನು ಸ್ಟಿಕ್ ಮೇಲೆ ಬರೆದ ವೇಗಕ್ಕೆ ಏರಿಸುವ ಸಿದ್ಧ ಸೆಟ್ಟಿಂಗ್) ಹಾಕಿದರೆ ಕಂಪ್ಯೂಟರ್ ಏಳುವುದೇ ಇಲ್ಲ, ಹಾಗಾಗಿ ಅದನ್ನು ಬಿಟ್ಟಿದ್ದೇನೆ. ಇನ್ನೂ ದೊಡ್ಡ ಕೂಲರ್ ಬೇಕೆ? ಎಎಂಡಿಯ ಹೆಚ್ಚು ಕೋರ್‌ಗಳ ದೊಡ್ಡ ಚಿಪ್ಪಾದ ಥ್ರೆಡ್‌ರಿಪ್ಪರ್‌ಗೆ ಹೋಗಲೆ? 95 ಡಿಗ್ರಿಯಲ್ಲಿ ದಿನಗಟ್ಟಲೆ ಓಡಿದರೆ ಚಿಪ್ ಬೇಗ ಸಾಯುವುದಿಲ್ಲವೆ?

ಉತ್ತರ: ಎರಡು ಅಂಕಿಗಳನ್ನು ನೀವೇ ಬರೆದು ನೀವೇ ದಾಟಿಕೊಂಡು ಹೋಗಿದ್ದೀರಿ. ಸಿಮ್ಯುಲೇಶನ್ ನಡೆಯುವಾಗ 70 ಡಿಗ್ರಿ, 140 ವ್ಯಾಟ್. ಉತ್ತರ ಅಲ್ಲೇ ಇದೆ. ಬಿಸಿಯ ಕಾರಣಕ್ಕೆ ವೇಗ ತಗ್ಗಿಸಿಕೊಳ್ಳುವ ಪ್ರೊಸೆಸರ್ 70 ಡಿಗ್ರಿಯಲ್ಲಿ ನಿಲ್ಲುವುದಿಲ್ಲ, ಮಿತಿಗೆ ತಲೆ ತಾಗಿಸಿಕೊಂಡೇ ಇರುತ್ತದೆ. ನಿಮ್ಮ ರೆಂಡರಿಂಗ್ ಬಿಸಿಯಾಗಿದೆ ಮತ್ತು ಚೆನ್ನಾಗಿ ಓಡುತ್ತಿದೆ. ಸಿಮ್ಯುಲೇಶನ್ ತಣ್ಣಗಿದೆ ಮತ್ತು ಕುಂಟುತ್ತಿದೆ. ಹೀಗಿರುವಾಗ ಕೂಲರ್ ಬದಲಿಸಿದ್ದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಾಯಿತು. ನೀವೊಬ್ಬರೇ ಹೀಗೆ ಮಾಡಿದವರಲ್ಲ, ಬೇಸರ ಬೇಡ. ಬಿಸಿ ಪರದೆಯ ಮೇಲೆ ಕೆಂಪು ಅಂಕಿಯಾಗಿ ಕಾಣುತ್ತದೆ, ಫ್ಯಾನಿನ ಸದ್ದಾಗಿ ಕೇಳುತ್ತದೆ. ಮೆಮೊರಿಯ ಹಸಿವಿಗೆ ಅಂಥ ಸದ್ದೂ ಇಲ್ಲ, ಬಣ್ಣವೂ ಇಲ್ಲ.

ಮೊದಲು 95 ಡಿಗ್ರಿಯ ಮಾತು ಮುಗಿಸೋಣ, ಏಕೆಂದರೆ ನಿಮ್ಮ ಭಯ ಇರುವುದು ಅಲ್ಲಿ.

ಹಳೆಯ ಪ್ರೊಸೆಸರ್‌ಗಳಿಗೆ ಒಂದು ನಿಗದಿತ ವೇಗವಿತ್ತು. ಆ ವೇಗದಲ್ಲಿ ಎಷ್ಟು ಬಿಸಿ ಹುಟ್ಟುತ್ತದೆಯೋ ಅಷ್ಟನ್ನು ಕೂಲರ್ ಸಾಗಿಸುತ್ತಿತ್ತು. ಕೂಲರ್ ಒಳ್ಳೆಯದಾದರೆ ಉಷ್ಣತೆ ಇಳಿಯುತ್ತಿತ್ತು. ಈಗಿನವು ತಿರುವುಮುರುವು. ಉಷ್ಣತೆ, ವಿದ್ಯುತ್ (ವ್ಯಾಟ್), ಕರೆಂಟ್ (ಆಂಪಿಯರ್) ಎಂಬ ಮೂರು ಮಿತಿಗಳಲ್ಲಿ ಯಾವುದು ಮೊದಲು ಅಡ್ಡ ಬರುತ್ತದೆಯೋ ಅಲ್ಲಿಯವರೆಗೆ ವೇಗವನ್ನು ತಾವಾಗಿಯೇ ಏರಿಸಿಕೊಳ್ಳುತ್ತವೆ. 9950ಎಕ್ಸ್‌ನ ಪೆಟ್ಟಿಗೆಯ ಮೇಲೆ 170 ವ್ಯಾಟ್ ಎಂದಿದ್ದರೂ ಅದು ಕೂರುವ ಎಎಂ5 ಸಾಕೆಟ್‌ನಿಂದ ಎಳೆಯಲು ಅನುಮತಿ ಇರುವುದು ಗರಿಷ್ಠ 230 ವ್ಯಾಟ್. ಉಷ್ಣತೆಯ ಮಿತಿ 95 ಡಿಗ್ರಿ. 2022ರಲ್ಲಿ ರೈಜನ್ 7000 ಸರಣಿ ಬಂದಾಗಲೇ ಎಎಂಡಿ ಹೇಳಿತ್ತು, 95 ಡಿಗ್ರಿಯಲ್ಲಿ ಓಡುವುದು ವಿನ್ಯಾಸದ ಭಾಗವೇ ಹೊರತು ದೋಷವಲ್ಲ ಎಂದು. ಇಂಟೆಲ್‌ನ 14ನೇ ತಲೆಮಾರಿನ ಕೋರ್ ಐ9 ಚಿಪ್‌ಗೆ ಈ ಮಿತಿ 100 ಡಿಗ್ರಿ, ಕೋರ್ ಅಲ್ಟ್ರಾ 9 285ಕೆಗೆ 105.

ನಿಮ್ಮ ಯಂತ್ರದಲ್ಲಿ ಆದದ್ದು ಇದೇ. ಏರ್ ಕೂಲರ್ 210 ವ್ಯಾಟ್‌ನಲ್ಲಿ 95ಕ್ಕೆ ಮುಟ್ಟಿಸುತ್ತಿತ್ತು. ದೊಡ್ಡ ಕೂಲರ್ ಬಂದ ಮೇಲೆ ಚಿಪ್ ಆ ಉಳಿತಾಯವನ್ನು ನಿಮಗೆ ಕೊಡದೆ ತಾನೇ ತಿಂದುಹಾಕಿತು. ವೇಗ ತುಸು ಏರಿತು, ಉಷ್ಣತೆ ಅಲ್ಲೇ ನಿಂತಿತು. ಇದರಲ್ಲಿ ಇನ್ನೊಂದು ಸುಳಿವೂ ಇದೆ. ನಿಮ್ಮದು 250 ವ್ಯಾಟ್ ದಾಟುತ್ತಿದೆ, ಆದರೆ ಕಂಪನಿಯ ಮಿತಿ 230. ಹಾಗಾದರೆ ಮದರ್‌ಬೋರ್ಡ್ ಆ ಮಿತಿಯನ್ನು ತೆಗೆದುಹಾಕಿದೆ. ಬಯೋಸ್‌ನಲ್ಲಿ (ಕಂಪ್ಯೂಟರ್ ಏಳುವಾಗ ತೆರೆಯಬಹುದಾದ ಮದರ್‌ಬೋರ್ಡ್‌ನ ಸೆಟ್ಟಿಂಗ್ ಪುಟ) ಪ್ರಿಸಿಶನ್ ಬೂಸ್ಟ್ ಓವರ್‌ಡ್ರೈವ್ ಎಂಬ ಆಯ್ಕೆ ಚಾಲೂ ಆಗಿರಬೇಕು. ನೀವು ಹಾಕಿರದಿದ್ದರೂ ಮದರ್‌ಬೋರ್ಡ್ ತಯಾರಕರು ಯಾವುದೋ ಚಂದದ ಹೆಸರಿನ ಹಿಂದೆ ಅದನ್ನು ಅಡಗಿಸಿಟ್ಟಿರುವುದುಂಟು. ಅದನ್ನು ಆಫ್ ಮಾಡಿ ನೋಡಿ. 360 ಮಿ.ಮೀ. ಕೂಲರ್ ಸರಿಯಾಗಿ ಕೂತಿದ್ದರೆ 230 ವ್ಯಾಟ್‌ನಲ್ಲಿ ನೀವು 95ಕ್ಕಿಂತ ಕೆಳಗೇ ಇರುತ್ತೀರಿ.

ಹಾಗಾದರೆ ಇನ್ನೂ ದೊಡ್ಡ ಕೂಲರ್ ಹಾಕಿದರೆ? ಪ್ರಯೋಜನ ಅಲ್ಪ, ಅದಕ್ಕೆ ಕಾರಣ ಬಿಸಿಯ ಮೊತ್ತವಲ್ಲ, ಬಿಸಿಯ ದಟ್ಟಣೆ. ಈ ಪ್ರೊಸೆಸರ್‌ನ 16 ಕೋರ್‌ಗಳು ಎರಡು ಸಣ್ಣ ಸಿಲಿಕಾನ್ ತುಂಡುಗಳಲ್ಲಿ ಎಂಟೆಂಟಾಗಿ ಹಂಚಿಹೋಗಿವೆ. ಒಂದೊಂದು ತುಂಡು ಸುಮಾರು 70 ಚದರ ಮಿಲಿಮೀಟರ್, ಅಂದರೆ ಕಿರುಬೆರಳಿನ ಉಗುರಿನಷ್ಟು. 18 ಸೆಂ.ಮೀ. ಅಗಲದ 2000 ವ್ಯಾಟ್‌ನ ವಿದ್ಯುತ್ ಒಲೆಯ ಬಿಲ್ಲೆಯಲ್ಲಿ ಚದರ ಸೆಂಟಿಮೀಟರಿಗೆ ಸುಮಾರು 8 ವ್ಯಾಟ್ ಬೀಳುತ್ತದೆ. ನಿಮ್ಮ ಚಿಪ್‌ನ ಕೋರ್‌ಗಳಿರುವ ಜಾಗದಲ್ಲಿ ಅದು 100ನ್ನು ಮೀರುತ್ತದೆ. ಆ ಬಿಸಿ ಸಿಲಿಕಾನ್ ದಾಟಿ, ಬೆಸುಗೆ ದಾಟಿ, ದಪ್ಪನೆಯ ಲೋಹದ ಮುಚ್ಚಳ ದಾಟಿ, ಥರ್ಮಲ್ ಪೇಸ್ಟ್ ದಾಟಿ ಆಮೇಲೆ ಕೂಲರ್ ತಲುಪಬೇಕು. ನೂಕುನುಗ್ಗಲು ಇರುವುದು ಮೊದಲ ಬಾಗಿಲಲ್ಲಿ. ಆ ಬಾಗಿಲು ಕಿರಿದಾಗಿದ್ದಾಗ ಹೊರಗಿನ ಮೈದಾನ ಎಷ್ಟು ವಿಶಾಲವಾಗಿದ್ದರೇನು? ಎಎಂ5 ಸಾಕೆಟ್‌ನಲ್ಲಿ ಹಳೆಯ ಕೂಲರ್‌ಗಳೂ ಹೊಂದಿಕೊಳ್ಳಲೆಂದು ಮುಚ್ಚಳವನ್ನು ದಪ್ಪಗೆ ಮಾಡಿದ್ದಾರೆ. ಬಳಕೆದಾರರಿಗೆ ಅನುಕೂಲವಾಯಿತು, ಬಿಸಿಗೆ ದಾರಿ ಉದ್ದವಾಯಿತು. ಕೆಲಸ ಶುರುವಾದ ಕ್ಷಣದಲ್ಲೇ ಉಷ್ಣತೆ ಚಿಮ್ಮುವುದಕ್ಕೂ ಇದೇ ಕಾರಣ. ರೇಡಿಯೇಟರಿನ ನೀರು ಬೆಚ್ಚಗಾಗಲು ಹಲವು ನಿಮಿಷ ಬೇಕು, ಉಗುರಿನಷ್ಟು ಸಿಲಿಕಾನ್ ಬಿಸಿಯೇರಲು ಒಂದು ಸೆಕೆಂಡು ಸಾಕು.

ಇನ್ನು ಆಯುಷ್ಯ. ಬಿಸಿ ಚಿಪ್‌ಗಳನ್ನು ಸವೆಸುವುದು ನಿಜ, ಅದರಲ್ಲಿ ಸುಳ್ಳಿಲ್ಲ. ಆದರೆ ಕಂಪನಿ ನಿಗದಿಪಡಿಸಿದ ಮಿತಿಯೊಳಗಿನ ಬಿಸಿಯಿಂದಲೇ ಸತ್ತ ಪ್ರೊಸೆಸರ್ ನನ್ನ ಕೈಗೆ ಬಂದದ್ದು ಅಪರೂಪ. ಫ್ಯಾನ್, ಪಂಪ್, ಪವರ್ ಸಪ್ಲೈ ಅದಕ್ಕಿಂತ ಎಷ್ಟೋ ಮೊದಲು ಕೈಕೊಡುತ್ತವೆ. ಈಚಿನ ವರ್ಷಗಳಲ್ಲಿ ಊರಿಗೆಲ್ಲ ಗೊತ್ತಾದ ಎರಡು ಪ್ರಕರಣಗಳನ್ನೇ ನೋಡಿ. 2023ರಲ್ಲಿ ಕೆಲವು ರೈಜನ್ 7000 ಎಕ್ಸ್3ಡಿ ಚಿಪ್‌ಗಳು ಸುಟ್ಟುಹೋದಾಗ ಬಯೋಸ್ ಬದಲಿಸಿ ಎಸ್‌ಒಸಿ ವೋಲ್ಟೇಜನ್ನು (ಮೆಮೊರಿ ನಿಯಂತ್ರಕ ಮುಂತಾದ ಭಾಗಗಳಿಗೆ ಹೋಗುವ ವೋಲ್ಟೇಜ್) 1.3 ವೋಲ್ಟ್‌ಗೆ ಕಟ್ಟಿಹಾಕಬೇಕಾಯಿತು. 2024ರಲ್ಲಿ ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಚಿಪ್‌ಗಳು ಅಸ್ಥಿರವಾದಾಗಲೂ ಪ್ರಧಾನ ಅಪರಾಧಿ ಮಿತಿಮೀರಿದ ವೋಲ್ಟೇಜ್, ಬಿಸಿ ಅದರ ಜೊತೆಗಾರ. ಇಂಟೆಲ್ ಮೈಕ್ರೋಕೋಡ್ (ಚಿಪ್ಪಿನ ಒಳಗಿನ ತಂತ್ರಾಂಶ) ಬದಲಿಸಿ ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿತು. ಆದ್ದರಿಂದ ಉಷ್ಣತೆಯ ಅಂಕಿಯನ್ನು ನೋಡುತ್ತಾ ಕೂರುವ ಬದಲು ಬಯೋಸ್‌ನ ಹೊಸ ಆವೃತ್ತಿ ಹಾಕಿಕೊಳ್ಳಿ, ಮದರ್‌ಬೋರ್ಡ್‌ನ ಸ್ವಯಂಚಾಲಿತ ಓವರ್‌ಕ್ಲಾಕಿಂಗ್ (ನಿಗದಿತ ಮಿತಿ ಮೀರಿ ಓಡಿಸುವುದು) ಆಫ್ ಮಾಡಿ.

ಈಗ ಹಸಿವಿನ ಕಡೆಗೆ ಬರುತ್ತೇನೆ.

ಪ್ರೊಸೆಸರ್ ಲೆಕ್ಕ ಮಾಡಬೇಕಾದರೆ ಅಂಕಿಗಳು ಮೆಮೊರಿಯಿಂದ ಬರಬೇಕು. ಸೆಕೆಂಡಿಗೆ ಎಷ್ಟು ಬರಬಲ್ಲವು ಎಂಬುದೇ ಬ್ಯಾಂಡ್‌ವಿಡ್ತ್. ಇದರ ಲೆಕ್ಕ ಸುಲಭ: ಮೆಮೊರಿಯ ವೇಗವನ್ನು (ಸೆಕೆಂಡಿಗೆ ಎಷ್ಟು ದಶಲಕ್ಷ ಸಾಗಣೆ ಎಂಬ ಅಂಕಿ) 8 ಬೈಟ್‌ನಿಂದ ಗುಣಿಸಿ, ಚಾನೆಲ್‌ಗಳ ಸಂಖ್ಯೆಯಿಂದ ಇನ್ನೊಮ್ಮೆ ಗುಣಿಸಿ. ನಿಮ್ಮ ಹಳೆಯ ಯಂತ್ರದಲ್ಲಿ 3200 ವೇಗ, ಎರಡು ಚಾನೆಲ್: ಸೆಕೆಂಡಿಗೆ 51.2 ಗಿಗಾಬೈಟ್. ಹೊಸದರಲ್ಲಿ? ನಿಮ್ಮ ಸ್ಟಿಕ್‌ಗಳ ಮೇಲೆ 6000 ಎಂದು ಬರೆದಿದೆ, ಆದರೆ ಅವು ಆ ವೇಗದಲ್ಲಿ ಓಡುತ್ತಿಲ್ಲ. 9950ಎಕ್ಸ್‌ಗೆ ಎಎಂಡಿ ಭರವಸೆ ಕೊಡುವುದು ಎರಡು ಸ್ಟಿಕ್ ಇದ್ದರೆ 5600, ನಾಲ್ಕು ಇದ್ದರೆ 3600 ಮಾತ್ರ. ಎಕ್ಸ್‌ಪೋ ಬಿಟ್ಟಿದ್ದೇನೆ ಎಂದಿರಿ. ಹಾಗಾದರೆ ನಿಮ್ಮದು 3600ಕ್ಕೆ ಬಂದು ನಿಂತಿರಬೇಕು. ಟಾಸ್ಕ್ ಮ್ಯಾನೇಜರ್‌ನ ಮೆಮೊರಿ ಪುಟದಲ್ಲಿ ಒಮ್ಮೆ ನೋಡಿ ಖಚಿತಪಡಿಸಿಕೊಳ್ಳಿ. 3600ರ ಎರಡು ಚಾನೆಲ್ ಎಂದರೆ 57.6 ಗಿಗಾಬೈಟ್.

57.6ನ್ನು 51.2ರಿಂದ ಭಾಗಿಸಿ. 1.125. ನಿಮ್ಮ ಸಿಮ್ಯುಲೇಶನ್ ಚುರುಕಾದದ್ದು ಶೇ. 12.

ಹೊಸ ಕೋರ್‌ಗಳು, ಹೊಸ ವಿನ್ಯಾಸ, 5.7 ಗಿಗಾಹರ್ಟ್ಸ್ ಬೂಸ್ಟ್, ಇಮ್ಮಡಿ ಕೋರ್‌ಗಳು, ಇವುಗಳಲ್ಲಿ ಯಾವುದೂ ಆ ಕೆಲಸಕ್ಕೆ ತಟ್ಟಲೇ ಇಲ್ಲ. ಮೆಮೊರಿ ಎಷ್ಟು ಅಳೆದು ಕೊಟ್ಟಿತೋ ಅಷ್ಟೇ ಕೆಲಸವಾಯಿತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂಬ ಗಾದೆ ಈ ಬಗೆಯ ಜೋಡಣೆಗಳನ್ನು ಕಂಡಾಗಲೆಲ್ಲ ನನಗೆ ನೆನಪಾಗುತ್ತದೆ.

ನಾಲ್ಕು ಚಾನೆಲ್ ಎಂದು ತಂತ್ರಾಂಶ ತೋರಿಸುವುದು ಸುಳ್ಳಲ್ಲ, ಆದರೆ ನೀವು ಅಂದುಕೊಂಡ ಅರ್ಥದಲ್ಲಿ ನಿಜವೂ ಅಲ್ಲ. ಡಿಡಿಆರ್5ರಲ್ಲಿ ಪ್ರತಿ 64 ಬಿಟ್ ಚಾನೆಲನ್ನು 32 ಬಿಟ್‌ನ ಎರಡು ಕಿರುಚಾನೆಲ್‌ಗಳಾಗಿ ಸೀಳಿದ್ದಾರೆ. ತಂತ್ರಾಂಶ ಅವನ್ನು ಎಣಿಸಿ ನಾಲ್ಕು ಎನ್ನುತ್ತದೆ. ಎರಡೇ ಸ್ಟಿಕ್ ಇದ್ದರೂ ಅದು ನಾಲ್ಕೆಂದೇ ಹೇಳುತ್ತದೆ. ದಾರಿಯ ಒಟ್ಟು ಅಗಲ 128 ಬಿಟ್, ಅದು ಹಳೆಯ ಡಿಡಿಆರ್4 ಯಂತ್ರದಲ್ಲೂ ಅಷ್ಟೇ ಇತ್ತು. ಎಎಂ5 ಆಗಲಿ ಇಂಟೆಲ್‌ನ ಸಾಮಾನ್ಯ ಡೆಸ್ಕ್‌ಟಾಪ್ ಸಾಕೆಟ್ ಆಗಲಿ, ನಾಲ್ಕು ಸ್ಲಾಟ್‌ಗಳಿದ್ದರೂ ಒಂದೊಂದು ಚಾನೆಲಿಗೆ ಎರಡೆರಡು ಸ್ಟಿಕ್ ನೇತುಬೀಳುತ್ತವೆ. ಜಾಗ ಹೆಚ್ಚುತ್ತದೆ, ದಾರಿ ಅಗಲವಾಗುವುದಿಲ್ಲ. ಬದಲಿಗೆ ಒಂದೇ ತಂತಿಯ ಮೇಲೆ ಎರಡು ಹೊರೆ ಬಿದ್ದು ಸಂಕೇತ ಮಸುಕಾಗುತ್ತದೆ, ವೇಗ ಇಳಿಸಬೇಕಾಗುತ್ತದೆ. ನಿಮ್ಮ ಎಕ್ಸ್‌ಪೋ ಏಳದಿರುವುದಕ್ಕೆ ಕಾರಣ ಇದು. ಸ್ಟಿಕ್‌ಗಳು ಕೆಟ್ಟಿಲ್ಲ. (ಒಂದು ಎಚ್ಚರಿಕೆ: ಸೆಟ್ಟಿಂಗ್ ಬದಲಿಸಿದ ಮೇಲೆ ಈ ಬೋರ್ಡ್‌ಗಳು ಮೆಮೊರಿಯನ್ನು ಪಳಗಿಸಿಕೊಳ್ಳಲು ಕೆಲವು ನಿಮಿಷ ಕಪ್ಪು ಪರದೆ ತೋರಿಸಿಕೊಂಡು ಕೂರುತ್ತವೆ. ಏಳುತ್ತಿಲ್ಲ ಎಂದು ಅವಸರದಲ್ಲಿ ಸ್ವಿಚ್ ಒತ್ತಿದವರನ್ನು ಬೇಕಾದಷ್ಟು ಕಂಡಿದ್ದೇನೆ.)

ಶೇ. 100 ಎಂಬ ಅಂಕಿ ಇನ್ನೊಂದು ಮೋಸ. ಆಪರೇಟಿಂಗ್ ಸಿಸ್ಟಂಗೆ ಗೊತ್ತಿರುವುದು ಕೋರನ್ನು ಒಂದು ಕೆಲಸಕ್ಕೆ ಒಪ್ಪಿಸಿದ್ದೇನೆ ಎಂಬುದಷ್ಟೇ. ಆ ಕೋರ್ ಲೆಕ್ಕ ಮಾಡುತ್ತಿದೆಯೋ, ಮೆಮೊರಿಯಿಂದ ಅಂಕಿ ಬರಲೆಂದು ನೂರಾರು ಗಡಿಯಾರದ ಬಡಿತಗಳ ಕಾಲ ಬಾಗಿಲು ನೋಡುತ್ತಾ ನಿಂತಿದೆಯೋ ಅದಕ್ಕೆ ತಿಳಿಯದು. ಎರಡೂ ಅದರ ಪುಸ್ತಕದಲ್ಲಿ ಕೆಲಸವೇ. ವ್ಯಾಟ್ ಮೀಟರ್‌ಗೆ ಮಾತ್ರ ವ್ಯತ್ಯಾಸ ಗೊತ್ತು. ಕಾಯುತ್ತಾ ನಿಂತ ಕೋರ್ ಹೆಚ್ಚು ವಿದ್ಯುತ್ ತಿನ್ನುವುದಿಲ್ಲ. ಪ್ರೊಸೆಸರನ್ನು ದಣಿಸಿ ನೋಡುವ ಪ್ರೈಮ್95 ಪರೀಕ್ಷೆ ಓಡಿಸಿದವರು ಇದನ್ನು ಕಣ್ಣಾರೆ ಕಂಡಿರುತ್ತಾರೆ. ಕ್ಯಾಶ್‌ನೊಳಗೇ (ಪ್ರೊಸೆಸರ್‌ನ ಒಳಗಿರುವ ಸಣ್ಣ, ವೇಗದ ಮೆಮೊರಿ) ಹಿಡಿಸುವ ಸಣ್ಣ ಲೆಕ್ಕಗಳ ಆಯ್ಕೆ ಚಿಪ್ಪನ್ನು ಹುರಿದು ಹಾಕುತ್ತದೆ, ಮೆಮೊರಿಯನ್ನೆಲ್ಲ ಬಳಸುವ ದೊಡ್ಡ ಲೆಕ್ಕಗಳದ್ದು ಅದಕ್ಕಿಂತ ತಣ್ಣಗಿರುತ್ತದೆ. ಹಾಗಾಗಿ ಶೇ. 100 ತೋರಿಸುತ್ತಾ ತಣ್ಣಗಿರುವ ಯಂತ್ರ ಬಂದರೆ ನಾನು ಮೊದಲು ಅನುಮಾನಿಸುವುದು ಮೆಮೊರಿಯನ್ನು.

ರೆಂಡರಿಂಗ್‌ಗೆ ಈ ಹಸಿವು ಏಕೆ ಕಾಡುವುದಿಲ್ಲ? ಬೆಳಕಿನ ಕಿರಣವೊಂದರ ಜಾಡು ಹಿಡಿಯುವಾಗ ಪ್ರೊಸೆಸರ್ ತಂದ ಒಂದೊಂದು ಅಂಕಿಯ ಮೇಲೆ ಬಹಳಷ್ಟು ಲೆಕ್ಕ ಮಾಡುತ್ತದೆ, ಮತ್ತೆ ಮತ್ತೆ ಬೇಕಾಗುವುದು ಕ್ಯಾಶ್‌ನಲ್ಲೇ ಸಿಗುತ್ತದೆ. ಹರಿವಿನ ಸಿಮ್ಯುಲೇಶನ್ ಹಾಗಲ್ಲ. ಲಕ್ಷಾಂತರ ಕೋಶಗಳ ಜಾಲರಿಯನ್ನು ಪ್ರತಿ ಸುತ್ತಿನಲ್ಲೂ ಮೊದಲಿನಿಂದ ಕೊನೆಯವರೆಗೆ ಓದಬೇಕು, ಪ್ರತಿ ಅಂಕಿಯ ಮೇಲೆ ಕೂಡುವುದು ಗುಣಿಸುವುದು ನಾಲ್ಕಾರು ಬಾರಿ, ಬರೆದಿಟ್ಟು ಮುಂದಕ್ಕೆ. ಕೆಲಸಕ್ಕಿಂತ ಸಾಗಾಟವೇ ಹೆಚ್ಚು. ದೊಡ್ಡ ಭಾಷಾ ಮಾದರಿಗಳನ್ನು ಪ್ರೊಸೆಸರ್ ಮೇಲೆ ಓಡಿಸುವುದೂ ಇದೇ ಜಾತಿ. 40 ಗಿಗಾಬೈಟ್‌ನ ಮಾದರಿಯಾದರೆ ಒಂದೊಂದು ಪದತುಣುಕಿಗೂ ಆ ನಲವತ್ತನ್ನೂ ಓದಬೇಕು, ಆದ್ದರಿಂದ 57.6 ಗಿಗಾಬೈಟ್‌ನ ದಾರಿಯಲ್ಲಿ ಸೆಕೆಂಡಿಗೆ ಒಂದೂವರೆ ತುಣುಕು ಸಹ ದಾಟುವುದಿಲ್ಲ. ಕೋರ್‌ಗಳು ಹದಿನಾರಿರಲಿ, ನೂರಿರಲಿ.

ಈ ಸಮಸ್ಯೆ ನಿನ್ನೆ ಮೊನ್ನೆಯದಲ್ಲ. ಮೆಮೊರಿ ಎಂಬುದು ಪ್ರೊಸೆಸರ್‌ಗೆ ಗೋಡೆಯಾಗಿ ನಿಲ್ಲುತ್ತದೆ ಎಂದು ವಿಲಿಯಂ ವುಲ್ಫ್ ಮತ್ತು ಸ್ಯಾಲಿ ಮೆಕೀ 1995ರಲ್ಲೇ ಎಚ್ಚರಿಸಿದ್ದರು. ಆಮೇಲೆ ಕೋರ್‌ಗಳನ್ನು ಒಂದರ ಪಕ್ಕ ಒಂದು ಪೇರಿಸುವ ಕಾಲ ಬಂತು. 2011ರ ಕೋರ್ ಐ7-2600ಕೆಯಲ್ಲಿ ನಾಲ್ಕು ಕೋರ್, ಡಿಡಿಆರ್3-1333ರ ಎರಡು ಚಾನೆಲ್. ಕೋರ್ ಒಂದಕ್ಕೆ ಸೆಕೆಂಡಿಗೆ 5.3 ಗಿಗಾಬೈಟ್ ಪಡಿ. 9950ಎಕ್ಸ್‌ಗೆ 6000ರ ಮೆಮೊರಿ ಹಾಕಿದರೆ ಕೋರ್ ಒಂದಕ್ಕೆ 6 ಗಿಗಾಬೈಟ್. ಇಷ್ಟು ವರ್ಷಗಳಲ್ಲಿ ಒಂದೊಂದು ಕೋರಿನ ಹೊಟ್ಟೆ ಹಲವು ಪಟ್ಟು ದೊಡ್ಡದಾಯಿತು, ಪಡಿ ಮಾತ್ರ ಅಲ್ಲೇ ಉಳಿಯಿತು. ನಿಮ್ಮ ಯಂತ್ರದಲ್ಲಂತೂ ಅದು 3.6. ಹದಿನೈದು ವರ್ಷ ಹಿಂದಿನ ಕೋರಿಗಿಂತ ಕಡಿಮೆ!

2018ರ ಥ್ರೆಡ್‌ರಿಪ್ಪರ್ 2990ಡಬ್ಲ್ಯೂಎಕ್ಸ್ ಈ ಪಾಠವನ್ನು ಎಲ್ಲರ ಮುಂದೆ ಕಲಿಸಿತ್ತು. 32 ಕೋರ್, ನಾಲ್ಕು ಸಿಲಿಕಾನ್ ತುಂಡು, ಅವುಗಳಲ್ಲಿ ಎರಡಕ್ಕೆ ಸ್ವಂತ ಮೆಮೊರಿ ದಾರಿಯೇ ಇಲ್ಲ, ಪಕ್ಕದವರ ಮನೆಯ ಮೂಲಕ ಹಾದು ಹೋಗಬೇಕು. ಕೆಲವು ಕೆಲಸಗಳಲ್ಲಿ ಅದು 16 ಕೋರ್‌ಗಳ ತನ್ನ ತಮ್ಮನಿಗಿಂತ ಹಿಂದೆ ಬಿತ್ತು. ವಿಂಡೋಸ್ ಕೆಲಸ ಹಂಚುತ್ತಿದ್ದ ರೀತಿಯೂ ಅದರಲ್ಲಿ ಪಾಲುದಾರ ಎನ್ನಿ.

ನಾನು ಹೇಳಿದ್ದನ್ನು ನಂಬಿ ಹಣ ಖರ್ಚು ಮಾಡಬೇಡಿ, ಮೊದಲು ಪರೀಕ್ಷಿಸಿ. ಬಯೋಸ್‌ನಲ್ಲಿ ಇಕೋ ಮೋಡ್ ಇದೆ. ಅದನ್ನು 65 ವ್ಯಾಟ್‌ಗೆ ಇಡಿ, ಆಗ ಚಿಪ್ 88 ವ್ಯಾಟ್‌ಗಿಂತ ಹೆಚ್ಚು ಎಳೆಯುವುದಿಲ್ಲ. ರೆಂಡರಿಂಗ್ ಗಮನಕ್ಕೆ ಬರುವಷ್ಟು ನಿಧಾನವಾಗುತ್ತದೆ. ಸಿಮ್ಯುಲೇಶನ್ ಕೂಡ ಅದೇ ಪ್ರಮಾಣದಲ್ಲಿ ನಿಧಾನವಾದರೆ ನನ್ನ ರೋಗನಿರ್ಣಯ ತಪ್ಪು. ಬಹುಪಾಲು ಮೊದಲಿನಷ್ಟೇ ಸಮಯ ಹಿಡಿದರೆ, 140 ವ್ಯಾಟ್‌ನಲ್ಲಿ ಐವತ್ತಕ್ಕೂ ಹೆಚ್ಚು ವ್ಯಾಟ್ ಬರಿದೇ ಕಾಯುವುದಕ್ಕೆ ಖರ್ಚಾಗುತ್ತಿತ್ತು ಎಂದಾಯಿತು. ಜೊತೆಗೆ ಒಂದು, ಎರಡು, ನಾಲ್ಕು, ಆರು, ಎಂಟು, ಹದಿನಾರು ಕೋರ್‌ಗಳಲ್ಲಿ ಒಂದೇ ಮಾದರಿಯನ್ನು ಓಡಿಸಿ ಸಮಯ ಬರೆದಿಟ್ಟುಕೊಳ್ಳಿ. ಎಲ್ಲಿ ಗೆರೆ ಮಲಗುತ್ತದೆಯೋ ಅಲ್ಲಿ ನಿಮ್ಮ ಮೆಮೊರಿ ಮುಗಿಯಿತು. ನಿಮ್ಮಲ್ಲಿ ಅದು ಆರಕ್ಕೇ ಮಲಗಿದರೆ ನನಗೆ ಆಶ್ಚರ್ಯವಾಗದು.

ಪರಿಹಾರಗಳಲ್ಲಿ ನನ್ನ ಮೊದಲ ಮತ ಎರಡು ಸ್ಟಿಕ್‌ಗಳಿಗೆ. 48 ಗಿಗಾಬೈಟ್‌ನ ಜೋಡಿ ಹಾಕಿದರೆ 96 ಗಿಗಾಬೈಟ್ ಸಿಗುತ್ತದೆ. ಈಗ 64 ಗಿಗಾಬೈಟ್‌ನ ಸ್ಟಿಕ್‌ಗಳೂ ಇವೆ, ಆದರೆ ನಿಮ್ಮ ಬೋರ್ಡ್‌ನ ಬಯೋಸ್ ಅವನ್ನು ಗುರುತಿಸುತ್ತದೆಯೇ ಎಂದು ತಯಾರಕರ ಪಟ್ಟಿಯಲ್ಲಿ ನೋಡಿಯೇ ಕೊಳ್ಳಬೇಕು. 6000 ವೇಗದಲ್ಲಿ ದಾರಿ 96 ಗಿಗಾಬೈಟ್‌ಗೆ ಏರುತ್ತದೆ, ಈಗಿರುವುದಕ್ಕಿಂತ ಮೂರನೇ ಎರಡರಷ್ಟು ಹೆಚ್ಚು. ಇದು ಕಾಗದದ ಮೇಲಿನ ಲೆಕ್ಕ. ಕೈಗೆ ಸಿಗುವುದು ಯಾವಾಗಲೂ ಕಡಿಮೆ, ಆದರೂ ಸಿಮ್ಯುಲೇಶನ್‌ನಲ್ಲಿ ಎದ್ದು ಕಾಣುವ ವ್ಯತ್ಯಾಸ ಬರುತ್ತದೆ. 8000ದ ಸ್ಟಿಕ್‌ಗಳ ಜಾಹೀರಾತಿಗೆ ಮರುಳಾಗಬೇಡಿ. ಈ ಪ್ರೊಸೆಸರ್‌ನಲ್ಲಿ 6000-6400 ದಾಟಿದರೆ ಮೆಮೊರಿ ನಿಯಂತ್ರಕ ಅರ್ಧ ವೇಗಕ್ಕೆ ಇಳಿಯುತ್ತದೆ, ಗಳಿಸಿದ್ದರಲ್ಲಿ ಬಹುಭಾಗ ಅಲ್ಲೇ ಸೋರಿಹೋಗುತ್ತದೆ. ಇಂಟೆಲ್ 285ಕೆಯ ವಿಷಯ ಬೇರೆ, ಅದಕ್ಕೆ ಅಧಿಕೃತವಾಗಿಯೇ 6400 ಒಗ್ಗುತ್ತದೆ, ಅದರಾಚೆಗೂ ಲಾಭವಿದೆ.

ನಾಲ್ಕು ಸ್ಟಿಕ್‌ಗಳನ್ನೇ ಇಟ್ಟುಕೊಂಡು ಕೈಯಾರೆ 4800ಕ್ಕೋ 5200ಕ್ಕೋ ಏರಿಸುವ ದಾರಿಯೂ ಇದೆ. ಹಲವರಿಗೆ ಅದು ಒಲಿದಿದೆ. ಸಿಮ್ಯುಲೇಶನ್ ಮಾಡುವವರಿಗೆ ನಾನು ಅದನ್ನು ಹೇಳುವುದಿಲ್ಲ. ಅಸ್ಥಿರ ಮೆಮೊರಿ ಯಾವಾಗಲೂ ನೀಲಿ ಪರದೆ ತೋರಿಸಿ ಸಾಯುವುದಿಲ್ಲ. ಕೆಲವೊಮ್ಮೆ ಒಂದು ಬಿಟ್ ಸದ್ದಿಲ್ಲದೆ ಹೊರಳುತ್ತದೆ. ರೆಂಡರಿಂಗ್‌ನಲ್ಲಾದರೆ ಒಂದು ಚುಕ್ಕಿಯ ಬಣ್ಣ ಕೆಡುತ್ತದೆ, ಯಾರಿಗೂ ಕಾಣದು. ಹರಿವಿನ ಲೆಕ್ಕದಲ್ಲಾದರೆ ತಪ್ಪು ಮುಂದಿನ ಸುತ್ತಿಗೆ, ಅದರ ಮುಂದಿನದಕ್ಕೆ ಹಬ್ಬುತ್ತದೆ, ನೀವು ಅದನ್ನು ನಂಬಿ ವರದಿ ಬರೆಯುತ್ತೀರಿ. ಡಿಡಿಆರ್5ರಲ್ಲಿ ದೋಷ ತಿದ್ದುವ ವ್ಯವಸ್ಥೆ ಒಳಗೇ ಇದೆಯಲ್ಲ ಎಂದು ಕೇಳುವವರಿದ್ದಾರೆ. ಅದು ಚಿಪ್‌ನೊಳಗಿನ ದೋಷವನ್ನಷ್ಟೇ ತಿದ್ದುತ್ತದೆ, ಸ್ಟಿಕ್‌ನಿಂದ ಪ್ರೊಸೆಸರ್‌ಗೆ ಬರುವ ದಾರಿಯಲ್ಲಿ ಕೆಟ್ಟದ್ದನ್ನಲ್ಲ. ಎಕ್ಸ್‌ಪೋ ಕೂಡ ಕಂಪನಿಯ ಲೆಕ್ಕದಲ್ಲಿ ಓವರ್‌ಕ್ಲಾಕಿಂಗೇ. ಆದ್ದರಿಂದ ಎರಡು ಸ್ಟಿಕ್ ಹಾಕಿ 6000ಕ್ಕೆ ಏರಿಸಿದಾಗಲೂ ಒಂದು ಇಡೀ ರಾತ್ರಿ ಮೆಮೊರಿ ಪರೀಕ್ಷೆ ಓಡಿಸಿ, ಆಮೇಲೆ ಕೆಲಸಕ್ಕೆ ಹಚ್ಚಿ.

ಲಿಕ್ವಿಡ್ ಕೂಲರ್ ಹಾಕಿದವರು ಮರೆಯುವ ಸಂಗತಿಯೊಂದು ಇಲ್ಲಿ ಸೇರುತ್ತದೆ. ಏರ್ ಕೂಲರ್‌ನ ಫ್ಯಾನ್ ಪ್ರೊಸೆಸರ್ ಜೊತೆಗೆ ಅಕ್ಕಪಕ್ಕದ ಮೆಮೊರಿಗೂ ವೋಲ್ಟೇಜ್ ರೆಗ್ಯುಲೇಟರ್‌ಗಳಿಗೂ ಗಾಳಿ ಬೀಸುತ್ತಿತ್ತು. ಅದನ್ನು ತೆಗೆದ ಮೇಲೆ ಆ ಮೂಲೆಯಲ್ಲಿ ಗಾಳಿ ಸತ್ತುಹೋಗುತ್ತದೆ. ಡಿಡಿಆರ್5 ಸ್ಟಿಕ್‌ಗಳ ಮೇಲೆ ಸ್ವಂತ ವೋಲ್ಟೇಜ್ ನಿಯಂತ್ರಕವೂ ಇರುವುದರಿಂದ ಅವು ಡಿಡಿಆರ್4ಕ್ಕಿಂತ ಹೆಚ್ಚು ಬಿಸಿಯಾಗುತ್ತವೆ, ನಾಲ್ಕು ಒತ್ತಾಗಿ ನಿಂತರೆ ಇನ್ನೂ ಹೆಚ್ಚು. 85 ಡಿಗ್ರಿ ದಾಟಿದರೆ ಮೆಮೊರಿ ತನ್ನನ್ನು ತಾನು ರಿಫ್ರೆಶ್ ಮಾಡಿಕೊಳ್ಳುವ (ಇಟ್ಟ ಅಂಕಿ ಅಳಿಯದಂತೆ ಮತ್ತೆ ಬರೆದುಕೊಳ್ಳುವ) ಸರದಿ ಇಮ್ಮಡಿಯಾಗಬೇಕು. ಬಿಗಿಯಾದ ಪ್ರೊಫೈಲ್‌ನಲ್ಲಿ ಓಡುವಾಗ ಅದಕ್ಕೆ ಬಹಳ ಮುಂಚೆಯೇ ತಪ್ಪುಗಳು ಶುರುವಾಗಬಹುದು. ಕೇಸ್‌ನ ಮುಂದಿನ ಫ್ಯಾನ್ ಗಾಳಿಯನ್ನು ನೇರವಾಗಿ ಆ ಕಡೆಗೆ ಕಳಿಸುತ್ತಿದೆಯೇ ನೋಡಿಕೊಳ್ಳಿ. ಎರಡೇ ಸ್ಟಿಕ್ ಇದ್ದರೆ ನಡುವೆ ಒಂದು ಸ್ಲಾಟ್ ಖಾಲಿ ಬೀಳುತ್ತದೆ, ಗಾಳಿಗೂ ಜಾಗ ಸಿಗುತ್ತದೆ.

ದೊಡ್ಡ ಕ್ಯಾಶ್ ಇರುವ 9950ಎಕ್ಸ್3ಡಿ ಬಗ್ಗೆಯೂ ನೀವು ಯೋಚಿಸುತ್ತಿರಬಹುದು. ಅದರಲ್ಲಿ 128 ಮೆಗಾಬೈಟ್ ಎಲ್3 ಕ್ಯಾಶ್ ಇದೆ, ನಿಮ್ಮದರ ಇಮ್ಮಡಿ. ನಿಮ್ಮ ಜಾಲರಿ ಹಲವು ಗಿಗಾಬೈಟ್‌ನದಾದರೆ ಅದು ಕೊಳದ ಪಕ್ಕದಲ್ಲಿ ಇನ್ನೊಂದು ಕೊಡ ಇಟ್ಟಂತೆ. ಸಣ್ಣ ಮಾದರಿಗಳಿಗೆ ಲಾಭವುಂಟು.

ಥ್ರೆಡ್‌ರಿಪ್ಪರ್ ವಿಷಯದಲ್ಲಿ ಕೋರ್‌ಗಳ ಸಂಖ್ಯೆ ನೋಡಿ ಕೊಂಡರೆ ಮತ್ತೆ ಇದೇ ಗುಂಡಿಗೆ ಬೀಳುತ್ತೀರಿ. 2025ರ 9000 ಸರಣಿಯಲ್ಲಿ ಡಿಡಿಆರ್5-6400ರ ನಾಲ್ಕು ನಿಜವಾದ ಚಾನೆಲ್‌ಗಳಿವೆ, ಸೆಕೆಂಡಿಗೆ 204.8 ಗಿಗಾಬೈಟ್. 24 ಕೋರ್‌ಗಳ 9960ಎಕ್ಸ್‌ನಲ್ಲಿ ಕೋರ್ ಒಂದಕ್ಕೆ 8.5 ಸಿಗುತ್ತದೆ. 64 ಕೋರ್‌ಗಳ 9980ಎಕ್ಸ್‌ನಲ್ಲಿ 3.2, ಅಂದರೆ ನೀವು ಈಗ ದೂರುತ್ತಿರುವ ಯಂತ್ರಕ್ಕಿಂತಲೂ ಕಡಿಮೆ! ಹರಿವಿನ ಲೆಕ್ಕಕ್ಕಾದರೆ ಇವೆರಡರ ನಡುವಿನ ವ್ಯತ್ಯಾಸ ಬಹುಪಾಲು ಅಲಂಕಾರ. ಎಂಟು ಚಾನೆಲ್‌ಗಳ ಪ್ರೊ ಮಾದರಿಗಳಲ್ಲಿ ಇನ್ನೊಂದು ಸೂಕ್ಷ್ಮ: ಒಂದೊಂದು ಸಿಲಿಕಾನ್ ತುಂಡಿಗೂ ಮೆಮೊರಿ ನಿಯಂತ್ರಕಕ್ಕೂ ನಡುವಿನ ಕೊಂಡಿಗೆ ತನ್ನದೇ ಮಿತಿ ಇದೆ, ಆದ್ದರಿಂದ ಎರಡೇ ತುಂಡುಗಳಿರುವ ಕಡಿಮೆ ಕೋರ್‌ಗಳ ಮಾದರಿ ಎಂಟು ಚಾನೆಲ್‌ಗಳ ನೀರನ್ನು ಕುಡಿಯಲಾರದು. ನಿಮ್ಮ ಈಗಿನ ಸ್ಟಿಕ್‌ಗಳು ಅಲ್ಲಿ ಕೂರುವುದಿಲ್ಲ, ಸರ್ವರ್‌ಗಳಲ್ಲಿ ಬಳಸುವ ರಿಜಿಸ್ಟರ್ಡ್ ಮೆಮೊರಿಯನ್ನು ಹೊಸದಾಗಿಯೇ ಕೊಳ್ಳಬೇಕು. ಚಿಪ್‌ನ ಬಿಸಿ 350 ವ್ಯಾಟ್. ತಮಾಷೆಯೆಂದರೆ ಅದನ್ನು ತಣಿಸುವುದು ನಿಮ್ಮದಕ್ಕಿಂತ ಕಷ್ಟವೇನಲ್ಲ, ಏಕೆಂದರೆ ಬಿಸಿ ಹೆಚ್ಚು ತುಂಡುಗಳಿಗೆ ಹರಡಿರುತ್ತದೆ. ತಣಿಸಲಾಗದ್ದು ಕೋಣೆ. ಯಾವ ಕೂಲರ್ ಹಾಕಿದರೂ ಎಳೆದ ವ್ಯಾಟ್‌ಗಳೆಲ್ಲ ಕೊನೆಗೆ ನೀವು ಕೂತಿರುವ ಗಾಳಿಗೇ ಬಂದು ಸೇರುತ್ತವೆ, ಕೋಣೆ ಒಂದು ಡಿಗ್ರಿ ಏರಿದರೆ ಚಿಪ್ಪೂ ಹೆಚ್ಚುಕಡಿಮೆ ಒಂದು ಡಿಗ್ರಿ ಏರುತ್ತದೆ.

ಖರ್ಚು ಅಷ್ಟೊಂದು ಬೇಡವೆಂದರೆ ಬಳಸಿದ ಸರ್ವರ್ ಯಂತ್ರಗಳಿವೆ. ಎಎಂಡಿಯ 2019ರ ಎಪಿಕ್ 7002 ಸರ್ವರ್ ಚಿಪ್ ಸರಣಿಯಲ್ಲಿ ಡಿಡಿಆರ್4-3200ರ ಎಂಟು ಚಾನೆಲ್, ಅದೂ ಸರಿಯಾಗಿ 204.8 ಗಿಗಾಬೈಟೇ. ಒಂಟಿ ಕೋರಿನ ವೇಗ ಮಂದ, ಮದರ್‌ಬೋರ್ಡ್ ಹುಡುಕುವುದು ತಲೆನೋವು, ಸರ್ವರ್ ಫ್ಯಾನ್‌ಗಳ ಸದ್ದಿನಲ್ಲಿ ಪಕ್ಕದಲ್ಲಿ ಕೂತು ಮಾತನಾಡಲಾಗದು. ನಿಮ್ಮ ಸಿಮ್ಯುಲೇಶನ್ ತಂತ್ರಾಂಶ ಗ್ರಾಫಿಕ್ಸ್ ಕಾರ್ಡ್ ಮೇಲೆ ಓಡುವಂಥದ್ದಾದರೆ ಆಟವೇ ಬೇರೆ. ಆರ್‌ಟಿಎಕ್ಸ್ 4090ರ ಮೆಮೊರಿ ದಾರಿ ಸೆಕೆಂಡಿಗೆ 1008 ಗಿಗಾಬೈಟ್. ಆದರೆ ಅದರ ಕಣಜ 24 ಗಿಗಾಬೈಟ್ ಮಾತ್ರ, ನಿಮ್ಮ ಜಾಲರಿ ಅದರಲ್ಲಿ ಹಿಡಿಸಬೇಕು.

ಹೊಸ ಕೂಲರನ್ನು ತೆಗೆಯಬೇಡಿ, ಅದು ರೆಂಡರಿಂಗ್‌ಗೆ ಸಾಕಷ್ಟಾಯಿತು. ರೆಂಡರಿಂಗ್ ದಿನಗಟ್ಟಲೆ ಓಡುವುದಾದರೆ ಇಕೋ ಮೋಡ್‌ನ 105 ವ್ಯಾಟ್ ಆಯ್ಕೆ ನೋಡಿ, ಆಗ ಚಿಪ್ ಎಳೆಯುವುದು 142 ವ್ಯಾಟ್. ಕೊನೆಯ ಒಂದಷ್ಟು ಮೆಗಾಹರ್ಟ್ಸ್‌ಗಾಗಿ ವೋಲ್ಟೇಜ್ ಏರಿಸಬೇಕಾಗುತ್ತದೆ, ವಿದ್ಯುತ್ ಬಳಕೆ ವೋಲ್ಟೇಜ್‌ನ ವರ್ಗದಂತೆ ಬೆಳೆಯುತ್ತದೆ. ಹಾಗಾಗಿ ವ್ಯಾಟ್ ಬಹಳ ಇಳಿದರೂ ವೇಗ ಇಳಿಯುವುದು ಕೊಂಚ. ಕರ್ವ್ ಆಪ್ಟಿಮೈಸರ್‌ನಲ್ಲಿ ವೋಲ್ಟೇಜ್ ಕಡಿತಗೊಳಿಸುವ ಸಲಹೆಯನ್ನೂ ಕೇಳಿರಬಹುದು. ಅದು ಭಾರಿ ಪರೀಕ್ಷೆಗಳಲ್ಲೆಲ್ಲ ಪಾಸಾಗಿ, ಯಂತ್ರ ಸುಮ್ಮನೆ ಕೂತಾಗ ಕುಸಿಯುವ ವಿಚಿತ್ರ ರೋಗ ತರುತ್ತದೆ, ನಿಮ್ಮಂಥ ಕೆಲಸಕ್ಕೆ ಬೇಡ. ರೇಡಿಯೇಟರನ್ನು ಪಂಪ್‌ಗಿಂತ ಕೆಳಗೆ ಕೂರಿಸಿಲ್ಲ ತಾನೆ? ಹಾಗಿದ್ದರೆ ಗಾಳಿಗುಳ್ಳೆಗಳು ಪಂಪ್‌ಗೆ ಬಂದು ಸೇರುತ್ತವೆ, ಕೇಸಿನ ಮೇಲ್ಭಾಗಕ್ಕೆ ಬದಲಿಸಿಕೊಳ್ಳಿ.

ಹೊಸ ಸ್ಟಿಕ್ ಕೊಳ್ಳುವ ಮುನ್ನ ಒಂದು ಪ್ರಯೋಗಕ್ಕೆ ನಯಾಪೈಸೆ ಬೇಡ. ಯಂತ್ರ ಆರಿಸಿ, ಪ್ಲಗ್ ಕಿತ್ತು, ನಾಲ್ಕರಲ್ಲಿ ಎರಡು ಸ್ಟಿಕ್ ತೆಗೆದುಬಿಡಿ. ಉಳಿದೆರಡನ್ನು ಪ್ರೊಸೆಸರ್ ಕಡೆಯಿಂದ ಎಣಿಸಿದರೆ ಎರಡನೆಯ ಮತ್ತು ನಾಲ್ಕನೆಯ ಸ್ಲಾಟ್‌ಗಳಲ್ಲಿ ಕೂರಿಸಿ, ಬಹುತೇಕ ಬೋರ್ಡ್‌ಗಳಲ್ಲಿ ಸರಿಯಾದ ಜಾಗ ಅದೇ. ಎಕ್ಸ್‌ಪೋ 6000 ಹಾಕಿ ಕಪ್ಪು ಪರದೆಯ ಮುಂದೆ ತಾಳ್ಮೆಯಿಂದ ಕಾಯಿರಿ. 64 ಗಿಗಾಬೈಟ್‌ನಲ್ಲಿ ಹಿಡಿಸುವ ಒಂದು ಸಿಮ್ಯುಲೇಶನ್ ಆರಿಸಿ, ಎಂಟು ಕೋರ್‌ಗಳಲ್ಲಿ ಓಡಿಸಿ. ಎಂಟನ್ನೂ ಒಂದೇ ಸಿಲಿಕಾನ್ ತುಂಡಿನಲ್ಲಿ ಗುಡ್ಡೆ ಹಾಕಬೇಡಿ, ಆ ತುಂಡಿನ ಓದುವ ಕೊಂಡಿಯ ಮಿತಿ ಸೆಕೆಂಡಿಗೆ ಸುಮಾರು 64 ಗಿಗಾಬೈಟ್. ಎರಡು ತುಂಡುಗಳಿಗೂ ನಾಲ್ಕು ನಾಲ್ಕರಂತೆ ಹಂಚಿ. ನಾಲ್ಕು ಸ್ಟಿಕ್‌ಗಳಿದ್ದಾಗ ಅದೇ ಮಾದರಿಗೆ ಹಿಡಿದ ಸಮಯದ ಪಕ್ಕದಲ್ಲಿ ಇದನ್ನೂ ಬರೆದಿಟ್ಟುಕೊಂಡು ನನಗೆ ಕಳಿಸಿ. ಯಾವ ಅಳತೆಯ ಸ್ಟಿಕ್ ಕೊಳ್ಳಬೇಕೆಂಬುದನ್ನು ಆ ಎರಡು ಅಂಕಿಗಳನ್ನು ನೋಡಿ ಹೇಳುತ್ತೇನೆ.